ಆಂಬುಲೆನ್ಸ್ ಬರುವ ಮೊದಲಿನ ಐದು ನಿಮಿಷ

ಯಾರಾದರೂ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು ಅನ್ನುವ ಸುದ್ದಿ ಬಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಮೊದಲು ಕೇಳುವುದು ಒಂದೇ ಮಾತು: "ಆಂಬುಲೆನ್ಸ್ ಎಷ್ಟೊತ್ತಿಗೆ ಬಂತಂತೆ?" ಕೇಳಬೇಕಾದದ್ದೇ. ಆದರೆ ನಾನಿರುವ ಊರಿನ ಕಡೆ ಅದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳುತ್ತಾರೆ. ಆಂಬುಲೆನ್ಸ್ ಬರುವ ತನಕ ಪಕ್ಕದಲ್ಲಿದ್ದವರು ಏನು ಮಾಡಿದರು? ಕೊನೆಗೆ ಆ ಮನುಷ್ಯ ತನ್ನ ಕಾಲ ಮೇಲೆ ನಡೆದು ಮನೆಗೆ ಹೋದನಾ? ಈ ಎರಡು ಪ್ರಶ್ನೆಗೆ ಐವತ್ತು ವರ್ಷದಿಂದ ಉತ್ತರ ಬರೆದಿಡುತ್ತಾ ಬಂದಿರುವುದೇ ಇಲ್ಲಿನ ಆಂಬುಲೆನ್ಸ್ ಸೇವೆಯ ಗುಟ್ಟು ಅಂತ ನನ್ನ ಅನಿಸಿಕೆ. ಗಾಡಿಗಳ ಗುಟ್ಟು ಏನೂ ಇಲ್ಲ. ಗಾಡಿ ಎಲ್ಲ ಕಡೆ ಸಿಗುತ್ತದೆ.

ನಾನಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯಲ್ಲಿ. ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಅಂದುಕೊಳ್ಳಿ. ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಎಲ್ಲ ಇದರೊಳಗೇ ಬರುತ್ತವೆ. 22 ಲಕ್ಷಕ್ಕೂ ಜಾಸ್ತಿ ಜನ. ಮೈಕ್ರೋಸಾಫ್ಟ್, ಅಮೆಜಾನ್ ಇರುವ ಕಾರಣ ಕನ್ನಡದವರಿಗೂ ಇಲ್ಲಿ ಬರವಿಲ್ಲ. ಇಲ್ಲಿನ ತುರ್ತು ವೈದ್ಯಕೀಯ ಸೇವೆಗೆ ಜನ ಹೇಳುವ ಹೆಸರು ಮೆಡಿಕ್ ಒನ್.

ಹಳೇ ಕಥೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದು ನಂಬಲು ಕಷ್ಟವಾಗುವಷ್ಟು ವಿಚಿತ್ರವಾಗಿದೆ. 1960ರ ದಶಕದ ತನಕ ಅಮೆರಿಕದ ಎಷ್ಟೋ ಊರುಗಳಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದವರು ಶವಸಂಸ್ಕಾರ ಮಾಡುವ ಅಂಗಡಿಯವರು! ಕಾರಣ ತುಂಬಾ ಸರಳ. ಮನುಷ್ಯನನ್ನು ಉದ್ದಕ್ಕೆ ಮಲಗಿಸಿಕೊಂಡು ಹೋಗುವಂಥ ಗಾಡಿ ಇದ್ದದ್ದು ಅವರ ಹತ್ತಿರ ಮಾತ್ರ. ಬದುಕಿದ್ದರೆ ಆಸ್ಪತ್ರೆಗೆ, ಇಲ್ಲದಿದ್ದರೆ ಗೊತ್ತಲ್ಲ. ಒಳಗೆ ಚಿಕಿತ್ಸೆ ಗೊತ್ತಿದ್ದವರು ಯಾರೂ ಇರುತ್ತಿರಲಿಲ್ಲ. 1966ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಒಂದು ವರದಿ ತಂದು, ಅಪಘಾತದಲ್ಲಿ ಸಿಕ್ಕವರನ್ನು ನಾವು ನೋಡಿಕೊಳ್ಳುತ್ತಿರುವ ರೀತಿಯೇ ಸರಿಯಿಲ್ಲ ಅಂತ ಹೇಳಿದ ಮೇಲೆ ದೇಶ ಸ್ವಲ್ಪ ಎಚ್ಚೆತ್ತುಕೊಂಡಿತು.

ಅದೇ ವರ್ಷ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಫ್ರಾಂಕ್ ಪ್ಯಾಂಟ್ರಿಜ್ ಅನ್ನುವ ಹೃದಯ ತಜ್ಞರು ಒಂದು ಕೆಲಸ ಮಾಡಿದ್ದರು. ಎದೆಗೆ ಶಾಕ್ ಕೊಡುವ ಯಂತ್ರ, ಅಂದರೆ ಡಿಫಿಬ್ರಿಲೇಟರ್, ಆಗ ಆಸ್ಪತ್ರೆಯ ಗೋಡೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಇವರು ಅದನ್ನು ಕಾರಿನ ಬ್ಯಾಟರಿಯಲ್ಲಿ ನಡೆಯುವಂತೆ ಮಾಡಿ ಆಂಬುಲೆನ್ಸಿಗೆ ಹತ್ತಿಸಿದರು. ತೂಕ ಎಷ್ಟು ಗೊತ್ತಾ? ಸುಮಾರು 70 ಕಿಲೋ. ರೋಗಿಯನ್ನು ಹೊರುವುದೋ ಯಂತ್ರವನ್ನು ಹೊರುವುದೋ ಅನ್ನುವ ಪರಿಸ್ಥಿತಿ. ಆದರೂ ಅವರ ತರ್ಕ ಗಟ್ಟಿಯಾಗಿತ್ತು: ಹೃದಯ ನಿಂತು ಸಾಯುವವರಲ್ಲಿ ಬಹಳ ಜನ ಆಸ್ಪತ್ರೆ ತಲುಪುವ ಮೊದಲೇ ಸಾಯುತ್ತಾರೆ. ಹಾಗಿದ್ದ ಮೇಲೆ ಆಸ್ಪತ್ರೆಯೇ ಅವರ ಹತ್ತಿರ ಹೋಗಬೇಕು. 1967ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದರ ಲೇಖನ ಬಂತು.

ಸಿಯಾಟಲ್‌ನಲ್ಲಿ ಅದನ್ನು ಓದಿದವರು ಹಾರ್ಬರ್‌ವ್ಯೂ ಆಸ್ಪತ್ರೆಯ ಡಾ. ಲೆನಾರ್ಡ್ ಕಾಬ್. ಇವರ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. 1950ರ ದಶಕದಲ್ಲಿ ಎದೆನೋವಿಗೆ ಒಂದು ಆಪರೇಷನ್ ಬಹಳ ಹೆಸರು ಮಾಡಿತ್ತು. ಎದೆಯೊಳಗಿನ ಒಂದು ರಕ್ತನಾಳವನ್ನು ಕಟ್ಟಿಬಿಡುವುದು. ಮಾಡಿಸಿಕೊಂಡವರೆಲ್ಲ ಆರಾಮಾಯಿತು ಅನ್ನುತ್ತಿದ್ದರು. ಕಾಬ್ ಮತ್ತು ಅವರ ತಂಡ ಕೆಲವರಿಗೆ ನಿಜವಾದ ಆಪರೇಷನ್ ಮಾಡಿದರು, ಇನ್ನು ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿದರು. ಎರಡೂ ಗುಂಪಿನವರು ಒಂದೇ ಥರ ಆರಾಮಾದರು! 1959ರಲ್ಲಿ ಅದು ಪ್ರಕಟವಾದ ಮೇಲೆ ಆ ಆಪರೇಷನ್ನಿನ ಕಥೆ ಮುಗಿಯಿತು. ಇಂಥ ಮನುಷ್ಯ ಆಂಬುಲೆನ್ಸಿಗೆ ಕೈ ಹಾಕಿದರೆ ಏನಾಗುತ್ತದೆ? ಲೆಕ್ಕ ಇಡುತ್ತಾನೆ. "ಜನರಿಗೆ ಒಳ್ಳೇದಾಗುತ್ತಿದೆ" ಅನ್ನುವ ಮಾತಿಗೆ ತಲೆದೂಗದೆ, ಎಷ್ಟು ಜನರಿಗೆ ಅಂತ ಕೇಳುತ್ತಾನೆ.

ಕಾಬ್ ಹೋಗಿ ಕೈಜೋಡಿಸಿದ್ದು ಸಿಯಾಟಲ್ ಅಗ್ನಿಶಾಮಕ ದಳದ ಮುಖ್ಯಸ್ಥ ಗಾರ್ಡನ್ ವಿಕರಿ ಜೊತೆ. ಬೆಲ್‌ಫಾಸ್ಟ್‌ನಲ್ಲಿ ಗಾಡಿಯಲ್ಲಿ ಡಾಕ್ಟರೇ ಹೋಗುತ್ತಿದ್ದರು. ಎಷ್ಟು ಡಾಕ್ಟರನ್ನು ಅಂತ ಕಳಿಸುತ್ತೀರಿ? ಆದರೆ ಫೈರ್ ಸ್ಟೇಷನ್ ಊರಿನ ಪ್ರತಿ ಮೂಲೆಯಲ್ಲೂ ಇದೆ, ಹಗಲೂ ರಾತ್ರಿ ಜನ ಇರುತ್ತಾರೆ, ಬೆಂಕಿ ದಿನಾ ಬೀಳುವುದಿಲ್ಲ. ಆ ಹುಡುಗರಿಗೇ ಇಸಿಜಿ ನೋಡುವುದು, ಶಾಕ್ ಕೊಡುವುದು, ಇಂಜೆಕ್ಷನ್ ಹಾಕುವುದು, ಉಸಿರಿನ ಕೊಳವೆ ಇಳಿಸುವುದು ಎಲ್ಲ ಕಲಿಸಿದರೆ? ಆ ಕಾಲಕ್ಕೆ ಇದು ದೊಡ್ಡ ಧೈರ್ಯ. ಡಾಕ್ಟರಲ್ಲದವನು ಔಷಧಿ ಕೊಡುವುದೇ ಅಂತ ಹುಬ್ಬೇರಿಸಿದವರು ಇದ್ದೇ ಇದ್ದರು.

1970ರ ಮಾರ್ಚಿನಲ್ಲಿ ಮೊದಲ ಗಾಡಿ ರಸ್ತೆಗೆ ಇಳಿಯಿತು. ಗಾಡಿ ಅಂದರೆ ಜನ ಪ್ರವಾಸಕ್ಕೆ ಹೋಗುವ ವಿನ್ನೆಬಾಗೊ, ಚಕ್ರದ ಮೇಲಿನ ಮನೆ. ಅದರ ಗಾತ್ರ, ಅದು ತಿರುಗುವ ಚಂದ ನೋಡಿ ಹುಡುಗರು 'ಮೋಬಿ ಪಿಗ್' ಅಂತ ಹೆಸರಿಟ್ಟರು. ಸಿಯಾಟಲ್‌ನ ಬೆಟ್ಟದ ರಸ್ತೆಗಳಲ್ಲಿ ಆ ಡೊಳ್ಳು ಹೊಟ್ಟೆಯ ಗಾಡಿ ಸೈರನ್ ಹಾಕಿಕೊಂಡು ಏರುತ್ತಿದ್ದುದನ್ನು ನೆನೆದರೆ ನನಗೆ ನಗು ಬರುತ್ತದೆ. ಶುರುವಿನಲ್ಲಿ ಡಾಕ್ಟರೂ ಜೊತೆಗೆ ಹೋಗುತ್ತಿದ್ದರು. ಆಮೇಲೆ ಫೈರ್‌ನವರೇ ನಿಭಾಯಿಸುತ್ತಾರೆ ಅನ್ನುವುದು ಖಾತ್ರಿಯಾಗಿ, ಡಾಕ್ಟರು ಆಸ್ಪತ್ರೆಯಲ್ಲೇ ಉಳಿದು ರೇಡಿಯೋದಲ್ಲಿ ಮಾತಾಡತೊಡಗಿದರು. ಇಂದಿಗೂ ಇಲ್ಲಿನ ಪ್ಯಾರಾಮೆಡಿಕ್, ಅಂದರೆ ಗಾಡಿಯಲ್ಲಿ ಹೋಗಿ ಇಷ್ಟೆಲ್ಲ ಚಿಕಿತ್ಸೆ ಕೊಡುವವರು, ಆಗಬೇಕಾದರೆ ಹಾರ್ಬರ್‌ವ್ಯೂನಲ್ಲಿ 2000 ಗಂಟೆಗೂ ಮೀರಿದ ತರಬೇತಿ ಆಗಬೇಕು.

ಮೊದಲ ದುಡ್ಡು ಕೇಂದ್ರ ಸರ್ಕಾರದ ಅನುದಾನ. ಅದು ಬೇಗ ಮುಗಿಯಿತು. ಎಲ್ಲ ಒಳ್ಳೇ ಯೋಜನೆಗಳ ಹಣೆಬರಹ ಅದೇ ಅಲ್ವಾ? ಪೈಲಟ್ ಪ್ರಾಜೆಕ್ಟ್ ಅಂತ ಶುರುವಾಗುತ್ತದೆ, ಫೋಟೊ ಬರುತ್ತದೆ, ಅನುದಾನ ನಿಂತ ದಿನ ಗಾಡಿ ಶೆಡ್ಡಿಗೆ ಹೋಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಊರಿನವರು ಚಂದಾ ಎತ್ತಿ ಉಳಿಸಿಕೊಂಡರು. ಆ ಹೊತ್ತಿಗಾಗಲೇ ಅವರಲ್ಲಿ ಕೆಲವರಿಗೆ ಅಪ್ಪನೋ ಪಕ್ಕದ ಮನೆಯವರೋ ವಾಪಸ್ ಸಿಕ್ಕಿದ್ದರು.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಲೆಕ್ಕ ನೋಡಿದಾಗ ಕಾಬ್ ಮತ್ತು ವಿಕರಿಗೆ ಒಂದು ವಿಷಯ ಹೊಳೆಯಿತು. ಗಾಡಿ ಎಷ್ಟೇ ಬೇಗ ಬಂದರೂ, ಅದು ಬರುವ ತನಕ ಯಾರಾದರೂ ಎದೆ ಒತ್ತಿ ರಕ್ತ ಓಡಾಡುವಂತೆ ಮಾಡಿದ್ದರೆ ಮಾತ್ರ ಉಳಿಯುವ ಸಾಧ್ಯತೆ ಜಾಸ್ತಿ. ಏನೂ ಮಾಡದೆ ಬಿಟ್ಟರೆ ನಿಮಿಷಕ್ಕೆ ನೂರರಲ್ಲಿ ಏಳರಿಂದ ಹತ್ತರಷ್ಟು ಸಾಧ್ಯತೆ ಸೋರಿಹೋಗುತ್ತದೆ. ಹಾಗಾಗಿ 1970ರ ದಶಕದ ಶುರುವಿನಲ್ಲೇ 'ಮೆಡಿಕ್ ಟೂ' ಅಂತ ಮಾಡಿದರು. ಅದು ಗಾಡಿಯಲ್ಲ, ಊರಿನ ಜನ! ಒಂದು ಲಕ್ಷ ಸಾಮಾನ್ಯ ಜನರಿಗೆ ಸಿಪಿಆರ್, ಅಂದರೆ ಹೀಗೆ ಎದೆ ಒತ್ತುವ ವಿದ್ಯೆ, ಕಲಿಸುವುದು ಗುರಿ. ಆಗಿನ ಕಾಲಕ್ಕೆ ಸಿಪಿಆರ್ ಅಂದರೆ ಡಾಕ್ಟರು, ನರ್ಸುಗಳ ವಿದ್ಯೆ. ಅದನ್ನು ಗೃಹಿಣಿಯರಿಗೆ, ಅಂಗಡಿಯವರಿಗೆ, ಬಸ್ ಡ್ರೈವರುಗಳಿಗೆ ಹೇಳಿಕೊಟ್ಟರು. 1974ರಲ್ಲಿ ಅಮೆರಿಕದ ದೊಡ್ಡ ಟಿವಿ ಕಾರ್ಯಕ್ರಮ '60 ಮಿನಿಟ್ಸ್' ಬಂದು, ಹೃದಯ ಕೈಕೊಡುವುದಾದರೆ ಸಿಯಾಟಲ್‌ನಲ್ಲೇ ಕೈಕೊಡಲಿ ಅನ್ನುವ ಅರ್ಥದಲ್ಲಿ ತೋರಿಸಿತು.

ಇಷ್ಟೂ ಸಿಯಾಟಲ್ ನಗರದ ಕಥೆ. ಕೌಂಟಿ ತುಂಬ ದೊಡ್ಡದು. ಒಂದು ಕಡೆ ದೋಣಿಯಲ್ಲೇ ಹೋಗಬೇಕಾದ ವ್ಯಾಶನ್ ದ್ವೀಪ, ಇನ್ನೊಂದು ಕಡೆ ಹಿಮ ಬೀಳುವ ಘಟ್ಟ. ಮಧ್ಯೆ ಹತ್ತಾರು ಪುಟ್ಟ ಊರು, ಪ್ರತಿಯೊಂದಕ್ಕೂ ಬೇರೆ ಫೈರ್ ಇಲಾಖೆ. ಎಲ್ಲ ಕಡೆ ಪ್ಯಾರಾಮೆಡಿಕ್ ಇಡುವಷ್ಟು ದುಡ್ಡೂ ಇಲ್ಲ, ಕೆಲಸವೂ ಇಲ್ಲ. ಅದಕ್ಕೆ ಎರಡು ಹಂತ ಮಾಡಿಕೊಂಡರು. ಮೊದಲು ಹತ್ತಿರದ ಸ್ಟೇಷನ್ನಿನಿಂದ ಇಎಂಟಿ ಅನ್ನುವ ಮೊದಲ ಹಂತದ ತುರ್ತು ಚಿಕಿತ್ಸೆಯ ತರಬೇತಿ ಆಗಿರುವ ಫೈರ್‌ನವರು ಓಡಿಬರುತ್ತಾರೆ. ಜೀವಕ್ಕೆ ಅಪಾಯ ಇದ್ದರೆ ಹಿಂದೆಯೇ ಪ್ಯಾರಾಮೆಡಿಕ್ ಗಾಡಿ. ಪ್ಯಾರಾಮೆಡಿಕ್‌ಗಳು ಕಡಿಮೆ, ಹಾಗಾಗಿ ಒಬ್ಬೊಬ್ಬರ ಕೈಗೂ ಕಷ್ಟದ ಕೇಸುಗಳು ಜಾಸ್ತಿ ಬಂದು ಕೈ ಪಳಗಿರುತ್ತದೆ. ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್, ಶೋರ್‌ಲೈನ್‌ಗಳಲ್ಲಿ ಆಯಾ ಫೈರ್ ಇಲಾಖೆಯವರೇ ಪ್ಯಾರಾಮೆಡಿಕ್ ಗಾಡಿ ನಡೆಸುತ್ತಾರೆ. ದಕ್ಷಿಣದ ಕಡೆ ಕೌಂಟಿಯೇ ನೇರವಾಗಿ ನಡೆಸುತ್ತದೆ.

1976ರಿಂದ ಕೌಂಟಿಯಲ್ಲಿ ಒಂದು ದಾಖಲೆ ಪುಸ್ತಕ ಶುರುವಾಯಿತು. ಆಸ್ಪತ್ರೆಯ ಹೊರಗೆ ಯಾರದೇ ಹೃದಯ ನಿಂತು ಚಿಕಿತ್ಸೆ ಕೊಟ್ಟರೆ, ಪ್ರತಿಯೊಂದು ಕೇಸೂ ಅದರಲ್ಲಿ ದಾಖಲು. ಬಿದ್ದದ್ದನ್ನು ಯಾರಾದರೂ ಕಂಡರಾ, ಎದೆ ಒತ್ತಿದರಾ, ಎಷ್ಟು ನಿಮಿಷಕ್ಕೆ ಶಾಕ್, ಬದುಕಿದರಾ. ಇದರ ಹಿಂದೆ ಇದ್ದವರಲ್ಲಿ ಮುಖ್ಯರಾದವರು ಡಾ. ಮಿಕಿ ಐಸನ್‌ಬರ್ಗ್. ಆ ಲೆಕ್ಕದಿಂದಲೇ ಮುಂದಿನ ಒಂದೊಂದು ಹೆಜ್ಜೆಯೂ ಬಂತು. ಪ್ಯಾರಾಮೆಡಿಕ್ ಬರುವವರೆಗೆ ಯಾಕೆ ಕಾಯಬೇಕು, ಮೊದಲು ಬರುವ ಇಎಂಟಿಯೇ ಶಾಕ್ ಕೊಡಲಿ ಅಂತ ಪರೀಕ್ಷೆ ಮಾಡಿ ನೋಡಿದರು, 1980ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಮೇಲೆ, ಇಎಂಟಿ ಬರುವವರೆಗಾದರೂ ಯಾಕೆ ಕಾಯಬೇಕು ಅಂತ, ಇಲ್ಲಿನ ತುರ್ತು ನಂಬರ್ ಆದ 911ರಲ್ಲಿ ಫೋನ್ ಎತ್ತುವವರಿಗೇ ಸಿಪಿಆರ್ ಹೇಳಿಕೊಡುವ ಕೆಲಸ ಒಪ್ಪಿಸಿದರು.

ಈ ಫೋನಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 911ರವರು ಕೇಳುವುದು ಮುಖ್ಯವಾಗಿ ಎರಡೇ: ಎಚ್ಚರ ಇದ್ದಾರಾ? ಸರಿಯಾಗಿ ಉಸಿರಾಡುತ್ತಿದ್ದಾರಾ? ಎರಡಕ್ಕೂ ಇಲ್ಲ ಅಂದರೆ ಮುಂದೆ ಚರ್ಚೆಯಿಲ್ಲ. ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಕೈ ಇಟ್ಟು ಒತ್ತಿ ಅಂತ ಹೇಳಿ, ತಾವೇ ಫೋನಿನಲ್ಲಿ ಎಣಿಸುತ್ತಾ ಹೋಗುತ್ತಾರೆ. ತೊಡಕು ಬರುವುದು ಎರಡನೇ ಪ್ರಶ್ನೆಯಲ್ಲಿ. ಹೃದಯ ನಿಂತ ಮೇಲೂ ಕೆಲವು ನಿಮಿಷ ಮನುಷ್ಯ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಮೇಲುಸಿರು ಎಳೆಯುತ್ತಾನೆ. ಗೊರಕೆಯ ಥರ ಸದ್ದು. ಮನೆಯವರು "ಉಸಿರಾಡ್ತಾ ಇದ್ದಾರೆ" ಅಂದುಬಿಡುತ್ತಾರೆ. ಅದು ಉಸಿರಾಟವಲ್ಲ. ನಾನು ಬೆಳೆದ ತಿಪಟೂರಿನ ಮನೆಯಲ್ಲಿ ಆ ಹೊತ್ತಿಗೆ ಬಾಯಿಗೆ ನೀರು ಬಿಡುತ್ತಿದ್ದರು, ಅಂಗಾಲು ಉಜ್ಜುತ್ತಿದ್ದರು. ಇಲ್ಲಿ 911ರ ಫೋನ್ ಎತ್ತುವ ಡಿಸ್ಪ್ಯಾಚರ್‌ಗಳಿಗೆ ಆ ಸದ್ದನ್ನು ಫೋನಿನಲ್ಲೇ ಗುರುತು ಹಿಡಿಯುವುದನ್ನು ಕಲಿಸುತ್ತಾರೆ.

ಫಲ ಏನು? 2013ರಲ್ಲಿ ಕಿಂಗ್ ಕೌಂಟಿಯಲ್ಲಿ ನೂರರಲ್ಲಿ 62 ಜನ ಬದುಕಿ ಮನೆಗೆ ಹೋದರು. ಇದನ್ನು ಷೇರ್ ಮಾಡುವ ಮೊದಲು ಪೂರ್ತಿ ಓದಿ. ಆ 62 ಎಲ್ಲರ ಲೆಕ್ಕ ಅಲ್ಲ. ಬಿದ್ದದ್ದನ್ನು ಯಾರಾದರೂ ಕಂಡಿರಬೇಕು, ಹೃದಯ ಬಡಿಯದೆ ಸುಮ್ನೆ ಅದುರುತ್ತಿರುವ, ಶಾಕಿಗೆ ಬಗ್ಗುವ ಸ್ಥಿತಿಯಲ್ಲಿ ಇರಬೇಕು. ಅಂಥವರಲ್ಲಿ 62. ಎಲ್ಲ ಬಗೆಯ ಕೇಸುಗಳನ್ನು ಸೇರಿಸಿದರೆ ಸಂಖ್ಯೆ ಬಹಳ ಇಳಿಯುತ್ತದೆ, ಇಡೀ ಅಮೆರಿಕದ ಸರಾಸರಿ ನೂರಕ್ಕೆ ಹತ್ತರ ಆಸುಪಾಸು. ಆದರೂ 62 ಅನ್ನುವುದು ಸಣ್ಣ ಮಾತಲ್ಲ. ಕಲಿಯಲು ಬೇರೆ ಊರಿನವರು ಬರತೊಡಗಿದ ಮೇಲೆ ಅವರಿಗಾಗಿಯೇ ಹೃದಯ ನಿಂತವರನ್ನು ಉಳಿಸುವುದನ್ನು ಹೇಳಿಕೊಡುವ ಒಂದು 'ರಿಸಸಿಟೇಷನ್ ಅಕಾಡೆಮಿ' ಕೂಡ ನಡೆಯುತ್ತಿದೆ.

ದುಡ್ಡಿನ ವಿಷಯಕ್ಕೆ ಬರೋಣ, ನಮ್ಮವರಿಗೆ ಅದರಲ್ಲಿ ಆಸಕ್ತಿ ಜಾಸ್ತಿ. 1979ರಿಂದ ಇದಕ್ಕೆ ಅಂತಲೇ ಬೇರೆ ತೆರಿಗೆ ಇದೆ. ನಮ್ಮ ಮನೆ ಕಂದಾಯದ ಥರದ ಪ್ರಾಪರ್ಟಿ ಟ್ಯಾಕ್ಸಿನಲ್ಲಿ ಒಂದು ಸಾಲು. ಸರ್ಕಾರ ತಾನಾಗೇ ಹಾಕುವಂತಿಲ್ಲ, ಜನ ವೋಟು ಹಾಕಿ ಒಪ್ಪಬೇಕು. ಈಗ ಆರು ವರ್ಷಕ್ಕೊಮ್ಮೆ ಮತ್ತೆ ಕೇಳುತ್ತಾರೆ. 2019ರಲ್ಲಿ ಮನೆಯ ಬೆಲೆಯ ಪ್ರತಿ ಸಾವಿರ ಡಾಲರಿಗೆ 26.5 ಸೆಂಟ್ ಅಂತ ಒಪ್ಪಿದ್ದರು. ಅಂದರೆ ಹತ್ತು ಲಕ್ಷ ಡಾಲರ್ ಮನೆಗೆ ವರ್ಷಕ್ಕೆ 265 ಡಾಲರ್. ತೆರಿಗೆ ಅಂದರೆ ಉರಿದುಬೀಳುವ ಜನವೂ ಇದಕ್ಕೆ ಹೂಂ ಅನ್ನುತ್ತಾರೆ. ಒಮ್ಮೆ ಮಾತ್ರ ಎಡವಟ್ಟಾಯಿತು. 1997ರ ನವೆಂಬರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಪ್ಪಿದರೂ ನಿಯಮದ ಪ್ರಕಾರ ಬೇಕಾಗಿದ್ದ ನೂರಕ್ಕೆ 60 ಸಿಗಲಿಲ್ಲ, ತೆರಿಗೆ ಬಿದ್ದುಹೋಯಿತು. ಊರೆಲ್ಲ ಗಾಬರಿ. 1998ರ ಫೆಬ್ರವರಿಯಲ್ಲಿ ಮತ್ತೆ ವೋಟಿಗೆ ಇಟ್ಟು ಪಾಸು ಮಾಡಿಸಿಕೊಂಡರು.

ನನಗನಿಸುವುದು, ಈ ಆರು ವರ್ಷದ ಪರೀಕ್ಷೆಯೇ ಸೇವೆಯನ್ನು ನೆಟ್ಟಗೆ ಇಟ್ಟಿದೆ. ವೋಟು ಕೇಳಬೇಕಾದವರು ಲೆಕ್ಕ ತೋರಿಸಲೇಬೇಕು. ಎಷ್ಟು ಗಾಡಿ ಕೊಂಡೆವು ಅಂದರೆ ಯಾರೂ ಮರುಳಾಗುವುದಿಲ್ಲ.

ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಅಪ್ಪ ಅಮ್ಮ ಇಲ್ಲಿಗೆ ಬಂದಿದ್ದಾಗ ಅಪ್ಪನಿಗೆ ಒಂದು ಸಂಜೆ ವಾಕಿಂಗ್ ಮುಗಿಸಿ ಬಂದವರೇ ತಲೆ ತಿರುಗಿತು, ಮೈಯೆಲ್ಲ ಬೆವರು. 911ಗೆ ಫೋನ್ ಮಾಡಿದೆ. ಚಹಾ ಕುದಿಯುವಷ್ಟರಲ್ಲಿ ಮನೆ ಮುಂದೆ ಕೆಂಪು ಫೈರ್ ಇಂಜಿನ್. ದಪ್ಪ ಬೂಟಿನ ನಾಲ್ಕು ಜನ ಒಳಗೆ ಬಂದರು. ಅಪ್ಪ ಸೋಫಾದಲ್ಲಿ ಮಲಗಿಕೊಂಡೇ "ಬೆಂಕಿ ಎಲ್ಲಿ ಬಿತ್ತೋ?" ಅಂದರು. ಒಬ್ಬ ಎದೆಗೆ ಇಸಿಜಿಯ ಅಂಟು ಹಚ್ಚುತ್ತಿದ್ದ, ಇನ್ನೊಬ್ಬಳು ಮಂಡಿಯೂರಿ ಕೂತು ಏನೇನು ಮಾತ್ರೆ ತಗೋತಾರೆ ಅಂತ ಕೇಳಿದಳು. ಅಮ್ಮ ಮಾತ್ರೆಗಳ ಡಬ್ಬಿಯನ್ನೇ ತಂದು ಅವಳ ಮುಂದೆ ಸುರಿದರು. ಬೂಟು ಬಿಚ್ಚದೆ ಒಳಗೆ ಬಂದರಲ್ಲ ಅನ್ನುವ ಕಸಿವಿಸಿ ಅಮ್ಮನ ಮುಖದಲ್ಲಿ ಇನ್ನೂ ಇತ್ತು. ಬಿಪಿ ಇಳಿದಿತ್ತು, ಹೃದಯಕ್ಕೇನೂ ಆಗಿರಲಿಲ್ಲ. ಜೀವಕ್ಕೆ ಅಪಾಯ ಇಲ್ಲ ಅಂತ ಆದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬಂದದ್ದು ಖಾಸಗಿ ಆಂಬುಲೆನ್ಸ್. ಕೆಲವು ವಾರ ಬಿಟ್ಟು ಅದರ ಬಿಲ್ಲು ಬಂತು, ಸಾವಿರ ಡಾಲರ್ ದಾಟಿತ್ತು. ವಿಸಿಟರ್ ಇನ್ಶೂರೆನ್ಸಿನವರು ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಅಂತ ಕೈ ಎತ್ತಿದರು. ತೆರಿಗೆಯಿಂದ ನಡೆಯುವ ಭಾಗ ಚಿನ್ನ, ಮಾರುಕಟ್ಟೆಗೆ ಬಿಟ್ಟ ಭಾಗದಲ್ಲಿ ಅಮೆರಿಕದ ಹಳೇ ಚಾಳಿ. ಬಿಲ್ಲಿನ ಭಯಕ್ಕೆ 911ಗೆ ಫೋನ್ ಮಾಡದೆ ಊಬರ್ ಹಿಡಿಯುವವರನ್ನು ನಾನೇ ನೋಡಿದ್ದೇನೆ. ಎದೆನೋವು ಇದ್ದಾಗ ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಂದು ಕೊರತೆ ನೇರವಾಗಿ ನಮಗೆ ತಟ್ಟುವಂಥದ್ದು. ಇಂಗ್ಲಿಷ್ ಸರಾಗವಾಗಿ ಬಾರದವರು ಫೋನ್ ಮಾಡಿದರೆ ಎದೆ ಒತ್ತುವ ಕೆಲಸ ಶುರುವಾಗಲು ತಡವಾಗುತ್ತದೆ ಅಂತ ಇದೇ ಕೌಂಟಿಯಲ್ಲಿ ಮಾಡಿದ ಅಧ್ಯಯನಗಳು ಹೇಳಿವೆ. ಹಗಲು ಹೊತ್ತು ನಮ್ಮ ಮನೆಗಳಲ್ಲಿ ಇರುವವರು ಯಾರು? ಊರಿಂದ ಬಂದ ಅಪ್ಪ, ಅಮ್ಮ, ಅತ್ತೆ, ಮಾವ. ಅವರಿಗೆ ಮನೆ ವಿಳಾಸ ಬಾಯಿಪಾಠ ಬರುತ್ತದಾ? "ನಾಟ್ ಅವೇಕ್, ನಾಟ್ ಬ್ರೀದಿಂಗ್" ಇಷ್ಟು ಹೇಳಲು ಬರುತ್ತದಾ? ಮೈಸೂರು ಪಾಕ್ ತಂದಿದ್ದೀರಾ ಅಂತ ಕೇಳುವುದರ ಜೊತೆಗೆ ಇದನ್ನೂ ಕೇಳಿ.

ಈಗ ನಮ್ಮೂರಿನ ಮಾತು. 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ ಆರೋಗ್ಯ ಕವಚ 108 ಶುರುವಾಯಿತು. ಅದಕ್ಕೂ ಮೊದಲು ಹಳ್ಳಿಯಲ್ಲಿ ಹೆರಿಗೆ ನೋವು ಬಂದರೆ ಟೆಂಪೊ ಹುಡುಕುತ್ತಿದ್ದ ಕಾಲ ನನಗೆ ನೆನಪಿದೆ. 108 ಮಾಡಿದ ಉಪಕಾರವನ್ನು ಹಗುರ ಮಾಡುವ ಮನಸ್ಸು ನನಗಿಲ್ಲ. 2021ರ ಅಕ್ಟೋಬರ್ 29ರಂದು ಅಪ್ಪು ಹೋದ ಮೇಲೆ ಹೃದಯದ ಬಗ್ಗೆ ನಾಡಿಗೆ ನಾಡೇ ಮಾತಾಡಿತು. 2023ರಲ್ಲಿ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಜಯದೇವ ಆಸ್ಪತ್ರೆಯಂಥ ಕಡೆಯ ತಜ್ಞರಿಗೆ ತೋರಿಸಿ, ರಕ್ತದ ಗಡ್ಡೆ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುವುದು. ತುಂಬಾ ಒಳ್ಳೇ ಕೆಲಸ. ಆದರೆ ಅದು ಹಾರ್ಟ್ ಅಟ್ಯಾಕ್ ಆಗಿ ಆಸ್ಪತ್ರೆಯವರೆಗೆ ಬಂದವರಿಗೆ. ಹೃದಯವೇ ನಿಂತು ಮನೆಯ ಹಜಾರದಲ್ಲಿ ಬಿದ್ದವರ ಹತ್ತಿರ ಮೊದಲು ಇರುವುದು ಹೆಂಡತಿ, ಮಗ, ಪಕ್ಕದ ಮನೆಯವರು. ಅವರಿಗೆ ಕಲಿಸದೆ ಗಾಡಿಗಳನ್ನಷ್ಟೇ ಹೆಚ್ಚಿಸುತ್ತಾ ಹೋದರೆ ನಡುವಿನ ಆ ಐದು ಹತ್ತು ನಿಮಿಷ ಖಾಲಿ ಬಿಟ್ಟ ಹಾಗೆಯೇ. ಹೊಸ ಆಂಬುಲೆನ್ಸುಗಳಿಗೆ ಹಸಿರು ಬಾವುಟ ತೋರಿಸುವ ಫೋಟೊ ವರ್ಷಕ್ಕೊಂದು ಬರುತ್ತದೆ. ಹೃದಯ ನಿಂತವರಲ್ಲಿ ಇಷ್ಟು ಜನ ಬದುಕಿ ಮನೆಗೆ ಹೋದರು ಅನ್ನುವ ಪಟ್ಟಿ ತಾಲ್ಲೂಕುವಾರು ಬರಲಿ ಅನ್ನುವುದು ನನ್ನ ಆಸೆ. ಮೊದಲ ವರ್ಷ ಸಂಖ್ಯೆ ನೋಡಿ ನಾಚಿಕೆ ಆಗಬಹುದು, ಆಗಲಿ ಬಿಡಿ. ಸಂಖ್ಯೆ ಕಣ್ಣಿಗೆ ಕಂಡರೆ ಮಾತ್ರ ಅದನ್ನು ಏರಿಸಬೇಕು ಅಂತ ಯಾರಿಗಾದರೂ ಅನಿಸೋದು.

ಕಲಿಸುವುದು ಕಷ್ಟವೇನಲ್ಲ. ವಾಷಿಂಗ್ಟನ್‌ನಲ್ಲಿ 2013ರಿಂದ ಕಾನೂನೇ ಇದೆ, ಹೈಸ್ಕೂಲ್ ಮುಗಿಸುವ ಮೊದಲು ಮಕ್ಕಳು ಸಿಪಿಆರ್ ಕಲಿಯಬೇಕು. ನನ್ನ ಮಗಳು ಶಾಲೆಯಲ್ಲಿ ಕಲಿತು ಬಂದವಳು ಸೋಫಾದ ದಿಂಬನ್ನು ನೆಲಕ್ಕೆ ಹಾಕಿ ಅಜ್ಜಿ ತಾತನಿಗೆ ಪಾಠ ಶುರು ಮಾಡಿದಳು. "ತಾತ, ಮೊಣಕೈ ಬಗ್ಗಿಸಬಾರದು. ಭುಜದಿಂದ ಒತ್ತಬೇಕು. ಎರಡು ಇಂಚು ಒಳಗೆ ಹೋಗಬೇಕು." ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ. ಅಪ್ಪ ಅರ್ಧ ನಿಮಿಷಕ್ಕೇ ಸುಸ್ತಾದರು. ಅಮ್ಮ ಸೆರಗು ಸಿಕ್ಕಿಸಿಕೊಂಡು ಕೂತವರು ಎರಡು ನಿಮಿಷ ಬಿಡದೆ ಒತ್ತಿ, "ಇದು ಮುದ್ದೆ ತೊಳೆಸೋದಕ್ಕಿಂತ ಕಷ್ಟ ಕಣೇ" ಅಂದರು. ಪಕ್ಕೆಲುಬು ಮುರಿದರೆ ಏನು ಗತಿ ಅಂತ ಅಪ್ಪನ ಚಿಂತೆ. "ಮುರಿದ್ರೆ ಕೂಡಿಕೊಳ್ಳುತ್ತೆ ತಾತ, ನಿಲ್ಲಿಸಬೇಡಿ" ಅಂದಳು ಅವಳು.

ಅದನ್ನು ನೋಡಿದ ಮೇಲೆ ನಮ್ಮ ಕನ್ನಡದ ಗೆಳೆಯರ ಗುಂಪಿನಲ್ಲಿ ಮಾತಾಡಿ, ಊರಿಂದ ಬಂದಿರುವ ಹಿರಿಯರಿಗಾಗಿಯೇ ಒಂದು ಸಿಪಿಆರ್ ಕ್ಲಾಸ್ ಇಟ್ಟುಕೊಳ್ಳೋಣ ಅಂತ ಮಾಡಿದ್ದೇವೆ. ಕನ್ನಡದಲ್ಲೇ ಹೇಳಿಕೊಡುವವರು ಒಬ್ಬರು ನರ್ಸ್ ಸಿಕ್ಕಿದ್ದಾರೆ. ಗೊಂಬೆಗಳು ಎರವಲು ಸಿಗುತ್ತವೆ. 911ಗೆ ಫೋನ್ ಮಾಡಿ ವಿಳಾಸ ಹೇಳುವುದು, ಕನ್ನಡ ದುಭಾಷಿ ಬೇಕು ಅಂತ ಕೇಳುವುದು, ಇದನ್ನೂ ಅಲ್ಲೇ ಅಭ್ಯಾಸ ಮಾಡಿಸುತ್ತೇವೆ. ಈ ಕಡೆ ಇರುವವರು ನಿಮ್ಮ ಮನೆಯಿಂದ ಎಷ್ಟು ಜನ ಬರುತ್ತೀರಿ ಅಂತ ಕಾಮೆಂಟಿನಲ್ಲಿ ಹಾಕಿ. ನೆಲದ ಮೇಲೆ ಮಂಡಿಯೂರಿ ಕೂರಬೇಕಾಗುತ್ತದೆ, ಸೀರೆಗಿಂತ ಚೂಡಿದಾರ್ ವಾಸಿ. ಮಂಡಿ ನೋವಿರುವವರೂ ಬನ್ನಿ, ಫೋನ್ ಮಾಡುವ ಪಾಠ ಕುರ್ಚಿಯಲ್ಲಿ ಕೂತೇ ಆಗುತ್ತದೆ. ಊಟ ಇದೆ, ಬಿಸಿಬೇಳೆ ಬಾತ್.